ಹಜಾರದ ಸಮುದ್ರದಲ್ಲಿ ಕೆಂಪು ಲೋಳೆ

ಚಾಮರಾಜನಗರ
11 ಜೂನ್ 2025

ಗುಂಡ್ಲುಪೇಟೆಯ ಬಣ್ಣದ ಮೀನಿನ ಅಂಗಡಿಯ ಕುಮಾರಿ ಮೇಡಂ ಅವರಿಗೆ ಇಂಟರ್‌ಲಾಕ್ ಇಟ್ಟಿಗೆ ಮೃತ್ಯುಂಜಯನ ನಮಸ್ಕಾರ.

ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದರೂ ನನ್ನಿಂದ ಒಂದು ಅಂಕಿಯೂ ಹೊರಬೀಳುವುದಿಲ್ಲ, ಏನಿದ್ದರೂ ಬರೆದು ತೊಟ್ಟಿಯ ನೀರಿನ ಬಾಟಲಿಯ ಜೊತೆ ಕಂಡಕ್ಟರ್ ಮಾದೇಶನ ಬಸ್ಸಿನಲ್ಲಿ ಕಳಿಸಿ ಎಂದಿರಿ. ಸರಿ. ಹದಿನಾರನೇ ವಯಸ್ಸಿಗೆ ಉಮ್ಮತ್ತೂರಿನಿಂದ ಬಂದು ಗಾರೆ ಬಾಂಡಲಿ ಹೊತ್ತವನು ಇವತ್ತು ಬದನಗುಪ್ಪೆಯಲ್ಲಿ ಸ್ವಂತ ಇಟ್ಟಿಗೆ ಯೂನಿಟ್ ನಡೆಸುತ್ತಿದ್ದೇನೆ ಎಂದರೆ ಅದು ಬಾಯಿಂದಲೇ. ಆದರೂ ಬರೆಯುತ್ತೇನೆ.

ಫೆಬ್ರವರಿಯಲ್ಲಿ ನೀವು ನಮ್ಮ ಹಜಾರದಲ್ಲಿ ಕೂರಿಸಿಕೊಟ್ಟ ಐದಡಿಯ ಉಪ್ಪುನೀರಿನ ತೊಟ್ಟಿ ಈಗ ನೋಡುವ ಹಾಗಿಲ್ಲ. ಮರಳಿನ ಮೇಲೆ, ಕಲ್ಲಿನ ಮೇಲೆ, ಮೆದು ಹವಳದ ಬೆರಳುಗಳ ಸಂದಿಯಲ್ಲಿ, ಬೀಟ್‌ರೂಟ್ ಪಲ್ಯದ ನೀರು ಹೆಪ್ಪುಗಟ್ಟಿದ ಹಾಗೆ ಕೆಂಪು ಲೋಳೆ. ಬೆಳಿಗ್ಗೆ ಉಜ್ಜಿದರೆ ಸಂಜೆಗೆ ಹಾಜರು. ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ ಬೇರೆ, ತಾನು ಜೀವಂತ ಇದ್ದೇನೆ ಎಂದು ತೋರಿಸಲಿಕ್ಕೆ. ಎರಡು ಕ್ಲೌನ್ ಮೀನುಗಳೂ ಬಾಡಿಗೆ ಮನೆಯ ಗೋಡೆ ನೋಡುವವರ ಹಾಗೆ ಅದನ್ನು ನೋಡುತ್ತಿವೆ. ನನಗೆ ಅನುಮಾನ ನೀವು ಕೊಟ್ಟ ಉಪ್ಪಿನ ಮೇಲೆ. ನಾನೂ ಸಿಮೆಂಟಿನ ಜೊತೆ ಬದುಕಿದವನು, ಮೂಟೆಯಲ್ಲಿ ಏನೇನು ಬೆರೆಯುತ್ತದೆಂದು ಬಲ್ಲೆ.

ಇದು ಶೋಕಿಯ ವಿಷಯವಲ್ಲ. ನಮ್ಮ ಅವ್ವ ಗುರುಮಲ್ಲಮ್ಮ, ಎಪ್ಪತ್ತೊಂಬತ್ತು ವರ್ಷ, ಜನವರಿಯಲ್ಲಿ ಊರಲ್ಲಿರುವ ನನ್ನ ತಮ್ಮ ಶಿವಮೂರ್ತಿಯ ಮನೆಯಿಂದ ನಮ್ಮ ಹೊಸ ಮನೆಗೆ ಬಂದಳು. ಬಂದ ವಾರದಿಂದಲೇ 'ನನ್ನ ಊರ್ಗೆ ಬುಟ್ಬುಡ್ಲಾ' ಎಂದು ಒಂದೇ ಸಮ. ತೊಟ್ಟಿ ಬಂತು, ಆ ಮಾತು ನಿಂತಿತು. ಮೊದಲ ದಿನ 'ನಮ್ಮಂಥೋರ ಮನೇಲಿ ಮೀನಾ' ಎಂದು ಮುಖ ತಿರುಗಿಸಿದವಳು ಈಗ ಪೂಜೆ ಮುಗಿಸಿದ ತಕ್ಷಣ ಹೋಗುವುದೇ ತೊಟ್ಟಿಯ ಹತ್ತಿರ. ನಲವತ್ತು ವರ್ಷ ಅವ್ವನನ್ನು ಇಟ್ಟುಕೊಂಡಿದ್ದ ಶಿವಮೂರ್ತಿಗೆ ನನ್ನ ಈ ಐದು ತಿಂಗಳು ಸಹಿಸಲಾಗುತ್ತಿಲ್ಲ. 'ಶ್ರಾವಣಕ್ಕೆ ಕರ್ಕೊಂಡೋಯ್ತೀನಿ, ಮತ್ತೆ ಕಳ್ಸಲ್ಲ' ಎಂದಿದ್ದಾನೆ. ತೊಟ್ಟಿ ಕೊಳೆತರೆ ಅವ್ವ ಅವನ ಕಾರು ಹತ್ತುತ್ತಾಳೆ. ಶ್ರಾವಣಕ್ಕೆ ಆರು ವಾರವಿದೆ.

ಇತಿ,
ಮೃತ್ಯುಂಜಯ


ಗುಂಡ್ಲುಪೇಟೆ
13 ಜೂನ್ 2025

ಮಾನ್ಯರೇ,

ಉಪ್ಪು ಸರಿಯಾಗಿದೆ. ಅದೇ ಮೂಟೆಯ ಉಪ್ಪಿನಲ್ಲಿ ನನ್ನ ಅಂಗಡಿಯ ಒಂದಡಿ ತೊಟ್ಟಿ ಚೆನ್ನಾಗಿದೆ.

ನಿಮ್ಮಲ್ಲಿ ಬಂದಿರುವುದು ಪಾಚಿಯಲ್ಲ. ಸಯನೋಬ್ಯಾಕ್ಟೀರಿಯಾ ಎಂದು ಹೆಸರು, ಪಾಚಿಯಂತೆ ಕಾಣುವ ಬ್ಯಾಕ್ಟೀರಿಯಾ. ನೀರಿಗೆ ತಿನ್ನುವ ಪದಾರ್ಥ ಹೆಚ್ಚು ಬಿದ್ದರೆ, ನೀರಿನ ಓಟ ಕಡಿಮೆಯಾದರೆ ಬರುತ್ತದೆ. ನೀವು ಕಳಿಸಿದ ನೀರಿನಲ್ಲಿ, ಆಹಾರ ಕೊಳೆತಾಗ ಬಿಡುವ ಫಾಸ್ಫೇಟ್ ಇರಬೇಕಾದ್ದಕ್ಕಿಂತ ಹತ್ತು ಪಟ್ಟಿದೆ. ಯಾರೋ ಮೀನಿಗೆ ವಿಪರೀತ ತಿನ್ನಿಸುತ್ತಿದ್ದಾರೆ. ಯಾರೆಂದು ನೀವೇ ಯೋಚಿಸಿ.

ಲೋಳೆಯನ್ನು ಉಜ್ಜಬೇಡಿ, ಚೂರಾಗಿ ಎಲ್ಲ ಕಡೆ ಹರಡುತ್ತದೆ. ಸಣ್ಣ ಪೈಪಿನಲ್ಲಿ ಹೀರಿ ಹೊರಗೆ ತೆಗೆಯಿರಿ. ಅಲೆ ಎಬ್ಬಿಸುವ ಮೋಟರನ್ನು ಕಲ್ಲಿನ ಕಡೆ ತಿರುಗಿಸಿ. ದೀಪ ಎಂಟು ಗಂಟೆ ಮಾತ್ರ. ಆಹಾರ ದಿನಕ್ಕೊಂದು ಚಿಟಿಕೆ, ವಾರಕ್ಕೊಂದು ದಿನ ಅದೂ ಬೇಡ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಒಂದು ಬಾಟಲಿ ನೀರು ಕಳಿಸಿ.

ಕುಮಾರಿ


ಚಾಮರಾಜನಗರ
24 ಜೂನ್ 2025

ಕುಮಾರಿ ಮೇಡಂ ಅವರಿಗೆ,

ಯಾರೋ ತಿನ್ನಿಸುತ್ತಿದ್ದಾರೆ ಎಂದು ಬರೆದು ನನ್ನ ಕಡೆ ಬೆರಳು ತೋರಿಸಿದಿರಿ. ಒಪ್ಪಿದೆ, ದಿನಕ್ಕೆ ಮೂರು ಸಲ ಹಾಕುತ್ತಿದ್ದೆ. ಬಂದವರಿಗೆಲ್ಲ ಮೀನು ಮೇಲೆ ಬಂದು ತಿನ್ನುವುದನ್ನು ತೋರಿಸಬೇಕಲ್ಲ. ಈಗ ನಿಲ್ಲಿಸಿದ್ದೇನೆ. ಒಂದು ನೋಟ್‌ಬುಕ್ ಇಟ್ಟು ದೀಪ ಹಚ್ಚಿದ ಹೊತ್ತು, ಆರಿಸಿದ ಹೊತ್ತು, ಚಿಟಿಕೆ, ಹೀರಿ ತೆಗೆದ ಲೋಳೆ ಎಷ್ಟು ಲೋಟ, ಎಲ್ಲ ಬರೆದಿದ್ದೇನೆ. ಹನ್ನೊಂದು ದಿನಕ್ಕೆ ಹದಿನಾಲ್ಕು ಲೋಟ ಲೋಳೆ. ಅಂಗಳಕ್ಕೆ ಚೆಲ್ಲಿದರೆ ನಾಯಿಯೂ ಮೂಸಲಿಲ್ಲ.

ಒಂದು ಸಂತೋಷದ ಸಂಗತಿ. ದಿನಕ್ಕೆ ಎರಡು ತಂಬಿಗೆ ನೀರು ಆವಿಯಾಗುತ್ತದೆ, ಅಷ್ಟು ಶುದ್ಧ ನೀರು ಸೇರಿಸುತ್ತಿರಿ ಎಂದು ಮೊದಲೇ ಹೇಳಿದ್ದಿರಿ. ನಮ್ಮ ತೊಟ್ಟಿಗೆ ಒಂದೇ ತಂಬಿಗೆ ಸಾಕಾಗುತ್ತಿದೆ. ನಮ್ಮ ಮನೆಯ ಕಟ್ಟಡವೇ ಹಾಗೆ, ನೀರು ಸುಮ್ಮನೆ ಹಾರಿ ಹೋಗುವುದಿಲ್ಲ.

ನಿನ್ನೆಯಿಂದ ಲೋಳೆ ಸ್ವಲ್ಪ ತೆಳುವಾಗಿದೆ. ಅದರಲ್ಲಿ ನನ್ನ ಸ್ವಂತ ಬುದ್ಧಿಯೂ ಕೊಂಚ ಸೇರಿದೆ. ವಿವರ ಬೇಡ.

ಮೃತ್ಯುಂಜಯ


ಗುಂಡ್ಲುಪೇಟೆ
27 ಜೂನ್ 2025

ಸಾರ್,

ಇವತ್ತಿನ ನೀರಿನಲ್ಲಿ ಅಮೋನಿಯಾ ಇದೆ. ನಾಲ್ಕು ತಿಂಗಳು ಇರಲಿಲ್ಲ. ತೊಟ್ಟಿಯಲ್ಲಿ ಮೀನಿನ ಗಲೀಜನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತಿವೆ ಎಂದರ್ಥ. ನಿಮ್ಮ ಸ್ವಂತ ಬುದ್ಧಿಯ ವಿವರ ಬೇಕು.

ಕುಮಾರಿ


ಚಾಮರಾಜನಗರ
28 ಜೂನ್ 2025

ಕುಮಾರಮ್ಮನವರಿಗೆ,

ಮಾತ್ರೆ ಹಾಕಿದೆ ಎಂದರೆ ದೊಡ್ಡ ಮಾತಾಗುತ್ತದೆ. ಮೇ ತಿಂಗಳಲ್ಲಿ ನನ್ನ ಗಂಟಲು ನೋವಿಗೆ ಡಾಕ್ಟರು ಐದು ದಿನದ ಮಾತ್ರೆ ಬರೆದಿದ್ದರು. ಎರಡೇ ದಿನಕ್ಕೆ ಗಂಟಲು ಸರಿಹೋಯಿತು, ಆರು ಉಳಿದವು. ಲೋಳೆ ಬ್ಯಾಕ್ಟೀರಿಯಾ ಎಂದು ಬರೆದವರು ನೀವು. ಮಾತ್ರೆಯ ಚೀಟಿಯಲ್ಲಿ ಬರೆದದ್ದೂ ಬ್ಯಾಕ್ಟೀರಿಯಾ ಎಂದೇ. ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡ ಯಾವ ಮನುಷ್ಯನಾದರೂ ಅದನ್ನೇ ಮಾಡುತ್ತಿದ್ದ. ಆರನ್ನೂ ಅರೆದು ಹಾಕಿದೆ.

ದೊಡ್ಡ ಮೀನು ಮೂಲೆಯಲ್ಲಿ ನಿಂತು ಬಾಯಿ ಬಾಯಿ ಬಿಡುತ್ತಿದೆ. ಅವ್ವ ಅದನ್ನು ನೋಡಿ 'ಮಾದಪ್ಪ ಕಾಪಾಡಪ್ಪ' ಎಂದು ಕೈ ಮುಗಿಯುತ್ತಿದ್ದಾಳೆ. ಏನು ಮಾಡಲಿ, ಈ ಬಸ್ಸಿಗೇ ಉತ್ತರ ಕಳಿಸಿ.

ಮೃತ್ಯುಂಜಯ


ಗುಂಡ್ಲುಪೇಟೆ
28 ಜೂನ್ 2025

ಸಾರ್,

ಬಸ್ ನಿಂತಿದೆ, ಬೇಗ ಬರೆಯುತ್ತಿದ್ದೇನೆ. ಇವತ್ತೇ ಕಾಲುಭಾಗ ನೀರು ತೆಗೆದು ಹೊಸ ಉಪ್ಪುನೀರು ತುಂಬಿ. ನಾಳೆ ಇನ್ನೊಂದು ಕಾಲುಭಾಗ, ಸೋಮವಾರ ಮತ್ತೊಂದು. ಮೀನು ಬದುಕುತ್ತದೆ. ಒಂದು ವಾರ ಸುಧಾರಿಸಿಕೊಳ್ಳಲಿ.

ಆಮೇಲೆ ಜುಲೈ 5ರಿಂದ ಮೂರು ದಿನ ದೀಪ ಪೂರ್ತಿ ಆರಿಸಿ ತೊಟ್ಟಿಗೆ ಕಪ್ಪು ಟಾರ್ಪಾಲು ಹೊದಿಸಿ. ಬೆಳಕಿಲ್ಲದೆ ಲೋಳೆ ಸಾಯುತ್ತದೆ. ಇಣುಕಿ ನೋಡಬೇಡಿ. ಆಹಾರ ಬೇಡ. ಮೆಡಿಕಲ್ ಸ್ಟೋರಿನ ಕಡೆ ಹೋಗಬೇಡಿ.

ಕುಮಾರಿ


ಚಾಮರಾಜನಗರ
16 ಜುಲೈ 2025

ಕುಮಾರಮ್ಮನವರಿಗೆ,

ಮೀನು ಬದುಕಿತು. ಅದಕ್ಕೆ ಮೊದಲು ನಮಸ್ಕಾರ.

ಮೂರು ದಿನ ಟಾರ್ಪಾಲು ಹೊದಿಸಿದೆ. ಹಜಾರದಲ್ಲಿ ಹೊಸ ಗಾಡಿ ನಿಲ್ಲಿಸಿಟ್ಟ ಹಾಗಿತ್ತು. ನಾನು ಇಣುಕಲಿಲ್ಲ. ಅವ್ವ ಮಾತ್ರ ತಡೆಯಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಟಾರ್ಪಾಲಿನ ಒಂದು ಮೂಲೆ ಮಡಿಚಿರುತ್ತಿತ್ತು. 'ಯಾಕವ್ವ ಎತ್ತಿದೆ' ಎಂದರೆ 'ಸುಮ್ನೆ ಕಣ್ಲಾ' ಎಂದಳು. ಎರಡು ಮೀನಿನ ಮೇಲೆ ಎಂಥ ಪ್ರೀತಿ ನೋಡಿ. ನನಗೇ ಕಣ್ಣು ಒದ್ದೆಯಾಯಿತು.

8ರಂದು ತೆಗೆದರೆ ಮರಳು ಅಕ್ಕಿ ಹಿಟ್ಟಿನ ಹಾಗೆ. ಇಡೀ ಬೀದಿಗೆ ತೋರಿಸಿದೆ. ಐದು ದಿನ ಹಾಗೇ ಇತ್ತು. ಆರನೆಯ ದಿನ ಕಲ್ಲಿನ ನೆತ್ತಿಯಲ್ಲಿ ಕುಂಕುಮದಷ್ಟು ಕೆಂಪು. ನಿನ್ನೆಗೆ ತೊಟ್ಟಿ ಪೂರ್ತಿ. ನಿನ್ನೆಯೇ ಶಿವಮೂರ್ತಿಯೂ ಬರಬೇಕೆ.

"ಏನಣ್ಣ, ತೊಟ್ಟಿಗೆ ಯಾರೋ ಎಲಡ್ಕೆ ಉಗ್ದವ್ರೆ" ಎಂದ.

"ಅದು ಬ್ಯಾಕ್ಟೀರಿಯಾ ಕಣ್ಲಾ" ಎಂದೆ.

"ಏನಾರ ಆಗ್ಲಿ ಬುಡು. ಶ್ರಾವಣಕ್ಕೆ ಹತ್ತೇ ದಿನ. ಅವ್ವನ ಸೀರೆ ಕಟ್ಟಿಡು."

ಅವ್ವ ತೊಟ್ಟಿಯ ಕಡೆ ನೋಡಿದಳು. ನೀವು ಹೇಳಿದ ಒಂದೊಂದನ್ನೂ ಮಾಡಿದ್ದೇನೆ. ನೋಟ್‌ಬುಕ್ಕನ್ನೇ ಕಳಿಸಿದ್ದೇನೆ, ತಪ್ಪು ಎಲ್ಲಿದೆ ನೀವೇ ಹುಡುಕಿ.

ಮೃತ್ಯುಂಜಯ


ಗುಂಡ್ಲುಪೇಟೆ
18 ಜುಲೈ 2025

ಸಾರ್,

ನಿಮ್ಮ ನೋಟ್‌ಬುಕ್ ಚೆನ್ನಾಗಿದೆ. ಅದರ ಪಕ್ಕದಲ್ಲಿ ನನ್ನ ಪರೀಕ್ಷೆಯ ಅಂಕಿಗಳನ್ನು ಬರೆದು ನೋಡಿದೆ. ಪ್ರತಿ ಮಂಗಳವಾರದ ನೀರಿನಲ್ಲಿ ಫಾಸ್ಫೇಟ್ ಎದ್ದು ಕುಣಿಯುತ್ತದೆ, ಶುಕ್ರವಾರಕ್ಕೆ ಇಳಿದಿರುತ್ತದೆ. ಐದು ವಾರದಲ್ಲಿ ಒಂದು ವಾರವೂ ತಪ್ಪಿಲ್ಲ. ಸೋಮವಾರ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ?

ಇನ್ನೊಂದು ವಿಷಯ. ಈ ಮಂಗಳವಾರದ ಬಾಟಲಿಯ ತಳದಲ್ಲಿ ಒಂದು ತುಂಬೆ ಹೂ ಸಿಕ್ಕಿತು. ಸಮುದ್ರದಲ್ಲಿ ತುಂಬೆ ಬೆಳೆಯುವುದಿಲ್ಲ.

ನೀವು ನೋಟ್‌ಬುಕ್ ಕಳಿಸಿದ ಮೇಲೆ ನಾನೂ ಒಂದು ಮಾತು ಹೇಳಬೇಕು. ಫೆಬ್ರವರಿಯಲ್ಲಿ ನೀವು 'ಇಂಥ ತೊಟ್ಟಿ ಎಷ್ಟು ಮನೆಗೆ ಮಾಡಿದ್ದೀರಿ' ಎಂದು ಕೇಳಿದಿರಿ. ನಾನು ಕೆಮ್ಮಿದೆ. ಓದುವಾಗ ಕಾಲೇಜಿನ ತೊಟ್ಟಿ ನೋಡಿಕೊಂಡಿದ್ದೇನೆ. ಮನೆಗೆ ಕೂರಿಸಿದ್ದು ನಿಮ್ಮದೇ ಮೊದಲನೆಯದು.

ಕುಮಾರಿ


ಚಾಮರಾಜನಗರ
19 ಜುಲೈ 2025

ಕುಮಾರಮ್ಮನವರಿಗೆ,

ನೀವು ಕೆಮ್ಮಿದ್ದು ನನಗೆ ಅವತ್ತೇ ಗೊತ್ತಾಗಿತ್ತು. ನಾನು ಮೊದಲ ಅಂಗಳಕ್ಕೆ ಇಟ್ಟಿಗೆ ಹಾಸುವಾಗ ಮನೆಯವರು ಇದೇ ಪ್ರಶ್ನೆ ಕೇಳಿದ್ದರು, ನನಗೂ ಕೆಮ್ಮು ಬಂದಿತ್ತು. ಅದು ಬಿಡಿ.

ಆದರೆ ಸೋಮವಾರದ ಮಾತು ನನಗೆ ಹಿಡಿಸಲಿಲ್ಲ. ಸೋಮವಾರ ನಮ್ಮ ಮನೆಯಲ್ಲಿ ಏನೂ ನಡೆಯುವುದಿಲ್ಲ. ಅವ್ವ ಬೆಳಿಗ್ಗೆ ಮಾದಪ್ಪನಿಗೆ ಅಭಿಷೇಕ ಮಾಡುತ್ತಾಳೆ, ನಾನು ತಿಂಡಿ ತಿಂದು ಬದನಗುಪ್ಪೆಗೆ ಹೋಗುತ್ತೇನೆ, ಅಷ್ಟೇ. ಗಾಜು ಒರೆಸುವ ಮರಿತಾಯಮ್ಮ ಬರುವುದು ಗುರುವಾರ. ಇನ್ನು ತುಂಬೆ ಹೂ ಮಾದೇಶನ ಬಸ್ಸಿನ ಕೆಲಸ. ಡ್ರೈವರ್ ಮುಂದೆ ದೇವರ ಪಟಕ್ಕೆ ದಿನಾ ಹೂ ಇಡುತ್ತಾನೆ, ಬಾಟಲಿ ಇಡುವುದೂ ಅಲ್ಲೇ.

ಬಾಟಲಿಯ ಮುಚ್ಚಳ ಬಿಗಿಯಾಗಿತ್ತಲ್ಲ ಎಂದು ನೀವು ಕೇಳುವ ಮೊದಲೇ ನಾನೂ ಅದನ್ನು ಯೋಚಿಸಿದೆ. ಯೋಚಿಸಿ, ಬಿಟ್ಟೆ.

ಮೃತ್ಯುಂಜಯ


ಚಾಮರಾಜನಗರ
21 ಜುಲೈ 2025, ಸೋಮವಾರ, ಬೆಳಿಗ್ಗೆ ಏಳು

ಕುಮಾರಮ್ಮ,

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಎರಡು ಬಾಳೆಹಣ್ಣು. ಇಷ್ಟನ್ನೂ ವಾರಕ್ಕೊಮ್ಮೆ ಒಂದು ತಂಬಿಗೆ, ಮಿಕ್ಕ ದಿನ ಬರೀ ಹಾಲುನೀರು, ಇಷ್ಟು ಸೇವಿಸಿಯೂ ಆರೋಗ್ಯವಾಗಿರುವ ಸಮುದ್ರದ ಮೀನು ಯಾವುದಾದರೂ ಇದೆಯೇ? ಎಷ್ಟು ದೂರದ್ದಾದರೂ ತರಿಸುತ್ತೇನೆ.

ಮೃತ್ಯುಂಜಯ


ಗುಂಡ್ಲುಪೇಟೆ
21 ಜುಲೈ 2025

ಮೃತ್ಯುಂಜಯಣ್ಣ,

ಇಲ್ಲ.

ಅವ್ವನನ್ನು ಗದರಬೇಡಿ. ಅವರು ಯಾಕೆ ಅಲ್ಲಿಗೆ ಹಾಕುತ್ತಿದ್ದಾರೆ ಎಂದು ಮೊದಲು ಕೇಳಿ.

ಕುಮಾರಿ


ಚಾಮರಾಜನಗರ
27 ಜುಲೈ 2025

ತಾಯಿ ಕುಮಾರಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೋಮವಾರ ಬೆಳಿಗ್ಗೆ ಐದಕ್ಕೇ ಎದ್ದು ಹಜಾರದ ಕರ್ಟನ್ ಹಿಂದೆ ನಿಂತಿದ್ದೆ. ಸ್ವಂತ ಮನೆಯಲ್ಲಿ ಕಳ್ಳನ ಹಾಗೆ. ಅವ್ವ ದೇವರ ಕೋಣೆಯಿಂದ ಅಭಿಷೇಕದ ತೀರ್ಥದ ತಂಬಿಗೆ ಹಿಡಿದು ಬಂದಳು. ತೊಟ್ಟಿಯ ಮೇಲಿನ ಬಲೆ ಸರಿಸಿದಳು, ನಿಧಾನವಾಗಿ ಸುರಿದಳು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ತಂಬಿಗೆ ನೀರು ಯಾಕೆ ಕಡಿಮೆ ಬೇಕಾಗುತ್ತಿತ್ತು ಎಂದು ಅಲ್ಲೇ ಲೆಕ್ಕ ಸಿಕ್ಕಿತು. ನಮ್ಮ ಕಟ್ಟಡದ ಹೆಚ್ಚುಗಾರಿಕೆ ಏನೂ ಇಲ್ಲ.

ನಿಮ್ಮ ಚೀಟಿ ಬಂದ ಮೇಲೆ ಸಂಜೆ ಪಕ್ಕದಲ್ಲಿ ಕೂತು ಕೇಳಿದೆ.

"ತೀರ್ಥನ ತೊಟ್ಟಿಗ್ಯಾಕವ್ವ ಉಯ್ತೀಯ?"

"ಇನ್ನೆಲ್ಲಿಗ್ಲಾ ಉಯ್ಲಿ? ಊರಲ್ಲಿ ಎಕ್ಕದ ಗಿಡದ ಬುಡಕ್ಕೆ ಉಯ್ತಿದ್ದೆ. ಇಲ್ಲಿ ಗೇಟಿಂದ ಹಿತ್ಲ ಗೋಡೆಗಂಟ ನಿನ್ನ ಇಟ್ಗೆ. ತುಳಿಯೋ ಜಾಗಕ್ಕೆ ತೀರ್ಥ ಬುಡಂಗಿಲ್ಲ, ಮೋರಿಗೆ ಬುಡಂಗಿಲ್ಲ. ಈ ಮನೇಲಿ ಕಾಲು ಬೀಳ್ದಿರೋ ತಾವು ಇದೊಂದೆಯಾ."

"ಅಂಗಾರೆ ನೀನು ದಿನಾ ಬತ್ತಿದ್ದದ್ದು ಮೀನು ನೋಡಕ್ಕಲ್ವಾ?"

"ಮೀನ್ನೇನ್ಲಾ ನೋಡದು, ಇರದು ಎಲ್ಡು. ತೊಟ್ಟಿ ಬರಗಂಟ ತೀರ್ಥನೆಲ್ಲ ನಾನೇ ಕುಡ್ದು ಕುಡ್ದು ಹೊಟ್ಟೆ ಉಬ್ಬರ್ಸ್ಕೊಂಡ್ಬುಡ್ತು. ಅದ್ಕೆ ಊರ್ಗೆ ಓಯ್ತೀನಿ ಅಂದದ್ದು."

ಐದು ತಿಂಗಳು ನಾನು ಬೀದಿಗೆಲ್ಲ ಹೇಳಿಕೊಂಡು ಬಂದದ್ದೇನು, ಇದೇನು.

"ಇಷ್ಟು ದಿವ್ಸ ನನ್ಗೆ ಒಂದ್ಮಾತು ಯೋಳ್ಬಾರ್ದಾಗಿತ್ತಾ?"

"ಇಟ್ಗೆನೇ ನಿನ್ಗೆ ಅನ್ನ ಕೊಟ್ಟದ್ದು. ಅದ್ನ ಕೀಳ್ಲಾ ಅಂತ ಯಾವ ಬಾಯಲ್ಲಿ ಅನ್ಲಿ?"

ತಾಯಿ, ನಮ್ಮ ಅಂಗಳ ಬರೀ ಅಂಗಳವಲ್ಲ, ನನ್ನ ಶೋರೂಮು. ಇಪ್ಪತ್ತೆರಡು ನಮೂನೆ ಹಾಸಿದ್ದೇನೆ. ಗಿರಾಕಿ ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಆರ್ಡರ್ ಆಗಿಬಿಡಬೇಕು, ಹಾಗೆ. ಮಂಗಳವಾರ ನಾನೇ ಹಾರೆ ಹಿಡಿದು ನಡುಮಧ್ಯೆ ಆರಡಿ ಉದ್ದ ನಾಲ್ಕಡಿ ಅಗಲ ಕಿತ್ತೆ. ಅದೇ ಹೊತ್ತಿಗೆ ಬೇಗೂರಿನ ಕಂಟ್ರಾಕ್ಟರ್ ಸೋಮಯ್ಯ ನಮೂನೆ ನೋಡಲು ಬಂದ.

"ಏನ್ ಸಾವ್ಕಾರ್ರೆ, ಕಿತ್ತೋಯ್ತಾ?"

"ಕಿತ್ತೋಗ್ಲಿಲ್ಲ ಸೋಮಯ್ಯ, ನಾನೇ ಕಿತ್ತೆ."

"ಅಂಗೇ ಯೋಳ್ಬೇಕು ಬುಡಿ" ಎಂದು ಅವನು ಇನ್ನೊಂದು ಕಡೆ ನೋಡಿಕೊಂಡು ಬರಲು ಹೋದ.

ಕೆಳಗೆ ಸಿಕ್ಕಿದ್ದು ಒಂದಡಿ ಕ್ರಷರ್ ಕಲ್ಲುಪುಡಿ, ಅದರ ಕೆಳಗೆ ಜಲ್ಲಿ. ಎಲ್ಲ ನಾನೇ ಅದುಮಿಸಿದ್ದು. ಅವ್ವ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ, "ಇದ್ರಲ್ಲಿ ಎಕ್ಕ ಅಲ್ಲ, ಕಳೆನೂ ಬರಲ್ಲ" ಎಂದು ಒಳಗೆ ಹೋದಳು.

ಶುಕ್ರವಾರ, ಶ್ರಾವಣದ ಮೊದಲ ದಿನ, ಶಿವಮೂರ್ತಿಯ ಕಾರು ಬಂತು. ಅವ್ವ ಸೀರೆ ಉಟ್ಟು ಸಿದ್ಧವಾಗಿದ್ದಳು. ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಗುಂಡಿಯ ಪಕ್ಕದಲ್ಲಿ ಹಾರೆ ಹಿಡಿದು ನಿಂತೇ ಇದ್ದೆ. ಕಾರು ಹೋಯಿತು. ಮಧ್ಯಾಹ್ನದ ಊಟಕ್ಕೂ ಒಳಗೆ ಹೋಗಲಿಲ್ಲ.

ನಾಲ್ಕು ಗಂಟೆಗೆ ಕಾರು ವಾಪಸ್ಸು ಬಂತು. ಹಿಂಭಾಗ ನೆಲ ಮುಟ್ಟುವ ಹಾಗೆ ತಗ್ಗಿತ್ತು. ಡಿಕ್ಕಿ ತೆಗೆದರೆ ಒಂಬತ್ತು ಚೀಲ ಹೊಲದ ಮಣ್ಣು, ಮೇಲೊಂದು ಎಕ್ಕದ ಸಸಿ. ಶಿವಮೂರ್ತಿಯ ಬಿಳಿ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಇಳ್ಸ್ಲಾ, ಅಲ್ಲಿ ಸುರಿ" ಎಂದಳು ಅವ್ವ ಅವನಿಗೆ.

"ಅವ್ವ, ಮಣ್ಣಿರದು ನನ್ನ ಮನೆ ತಾವು, ಗಿಡ ಇರದು ನನ್ನ ಮನೆ ತಾವು. ನೀನು ಅಲ್ಲೇ ಇದ್ಬುಟ್ರೆ ಆಯ್ತಿರ್ನಿಲ್ವಾ? ಮಣ್ಣ ಯಾಕೆ ಹೊರ್ಸ್ತೀಯ?"

"ನಿನ್ನ ತಾವು ನಲವತ್ತು ವರ್ಸ ಇದ್ದೆ ಕಣಪ್ಪ. ಇವ್ನು ಹದ್ನಾರಕ್ಕೇ ಮನೆ ಬುಟ್ಟೋನು. ಇವ್ನ ಕೈಲಿ ಒಂದಷ್ಟು ದಿವ್ಸ ಉಂಡು ನೋಡ್ತೀನಿ."

ಒಂಬತ್ತು ಚೀಲವನ್ನೂ ನಾವಿಬ್ಬರೇ ಸುರಿದೆವು. ಶಿವಮೂರ್ತಿ ಕೈ ಕೊಡವಿಕೊಂಡು, "ಅಣ್ಣ, ಅವ್ವನ್ನ ಕರ್ಕೊಂಡೋಗಕ್ಕೆ ಇನ್ನ ನಾ ಬರಾಕಿಲ್ಲ. ಮುಂದ್ಲ ಸಲ ಬಾವಿ ತರ್ಸ್ತಾಳೆ" ಎಂದ.

ಇವತ್ತು ಬೆಳಿಗ್ಗೆ ತೀರ್ಥ ಎಕ್ಕದ ಬುಡಕ್ಕೆ ಹೋಯಿತು. ತೊಟ್ಟಿಗೆ ನಾನು ಎರಡು ತಂಬಿಗೆ ನೀರು ಹಾಕಿದೆ.

ಮೃತ್ಯುಂಜಯ


ಚಾಮರಾಜನಗರ
12 ಆಗಸ್ಟ್ 2025

ತಾಯಿ ಕುಮಾರಿಗೆ,

ಲೋಳೆ ಹೋಯಿತು. ಮತ್ತೆ ಹೀರಿ ತೆಗೆಯುವ ಕೆಲಸವೇ ಬೀಳಲಿಲ್ಲ, ತಾನೇ ಸುರುಳಿ ಸುತ್ತಿಕೊಂಡು ಕಳಚಿತು. ಮೆದು ಹವಳ ಹತ್ತೂ ಬೆರಳು ಬಿಚ್ಚಿದೆ. ಮರಳಿನ ಮೇಲೆ ಮೀನಿನ ನೆರಳು ಕಾಣುತ್ತದೆ.

ಈಗ ಹೊಸ ಕಷ್ಟ. ಅವ್ವ ತೊಟ್ಟಿ ತೆಗೆಸು ಎನ್ನುತ್ತಿದ್ದಾಳೆ. "ಅದ್ರ ಕೆಲ್ಸ ಮುಗೀತಲ್ಲ, ಎತ್ತಿಸ್ಬುಡು. ಎಲ್ಡು ಮೀನಿಗೆ ಹಗ್ಲೂ ರಾತ್ರಿ ಮಿಷನ್ ಓಡ್ತದೆ" ಎಂದು ದಿನಾ ಎರಡು ಸಲ. ನಾನು ಏನೆನ್ನಲಿ? ಅವ್ವನಿಗಾಗಿ ತಂದದ್ದು ಎಂದು ಊರಿಗೆಲ್ಲ ಹೇಳಿದವನು ನಾನು. ಈಗ ಅದು ನನಗೆ ಬೇಕು ಎನ್ನಲು ನಾಚಿಕೆ. ಆದರೆ ಸಂಜೆ ಬದನಗುಪ್ಪೆಯ ಧೂಳಿನಿಂದ ಬಂದು ಅದರ ಮುಂದೆ ಕೂತರೆ ಅರ್ಧ ಗಂಟೆ ನಾನು ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಆ ಅರ್ಧ ಗಂಟೆಗೆ ಕಾಯುತ್ತಾರೆ.

ಅದರ ಮೇಲೆ ಮೀನುಗಳಿಗೂ ತಲೆ ಕೆಟ್ಟಿದೆ. ಚಿಕ್ಕದು ಮೂರು ದಿನದಿಂದ ಮೂಲೆಯ ಹಂಚಿನ ಚೂರನ್ನು ಬಾಯಲ್ಲಿ ಉಜ್ಜುತ್ತಲೇ ಇದೆ. ದೊಡ್ಡದು ನಾನು ಆ ಕಡೆ ಕೈ ಹಾಕಿದರೆ ಕಚ್ಚುತ್ತದೆ. ಹೊಸ ಕಾಯಿಲೆಯಾ? ಅವ್ವ ಇದನ್ನೂ ನೋಡಿ 'ಕಚ್ಚೋ ಮೀನು ಬೇರೆ' ಎನ್ನುತ್ತಿದ್ದಾಳೆ.

ತುಂಬೆ ಹೂ ಹಿಡಿದವರು ನೀವು ಎಂದು ಅವ್ವನಿಗೆ ನಿಮ್ಮ ಮೇಲೆ ಬಹಳ ನಂಬಿಕೆ. ಅವಳಿಗೇ ಒಂದು ಕಾಗದ ಬರೆಯಿರಿ. ನನ್ನ ಮಗಳು ನಯನಾ ಓದಿ ಹೇಳುತ್ತಾಳೆ. ನಾನು ಹೇಳಿ ಬರೆಸಿದ್ದು ಎಂದು ಕಾಣಬಾರದು.

ಮೃತ್ಯುಂಜಯ


ಗುಂಡ್ಲುಪೇಟೆ
14 ಆಗಸ್ಟ್ 2025

ಗುರುಮಲ್ಲಮ್ಮನವರಿಗೆ ಕುಮಾರಿಯ ನಮಸ್ಕಾರಗಳು.

ಎಕ್ಕದ ಗಿಡ ಹಿಡಿದಿದೆ ಎಂದು ಬಸ್ಸಿನ ಮಾದೇಶಣ್ಣ ಹೇಳಿದರು, ಸಂತೋಷವಾಯಿತು. ತೊಟ್ಟಿ ಎತ್ತಿಸಬೇಕೆಂದಿದ್ದೀರಂತೆ. ನೀವು ಹೇಳುವುದು ನ್ಯಾಯವಾಗಿಯೇ ಇದೆ. ಆದರೆ ಒಂದು ವಿಷಯ ನಿಮಗೆ ತಿಳಿಸಬೇಕು.

ತೊಟ್ಟಿಯಲ್ಲಿರುವ ದೊಡ್ಡ ಮೀನು ಹೆಣ್ಣು, ಚಿಕ್ಕದು ಅದರ ಗಂಡ. ಗಂಡ ಹಂಚನ್ನು ಉಜ್ಜಿ ಉಜ್ಜಿ ಶುಚಿ ಮಾಡುತ್ತಿರುವುದು ಹೆಂಡತಿ ಮೊಟ್ಟೆ ಇಡಲಿ ಎಂದು. ಅವಳು ಕಚ್ಚುವುದು ಆ ಜಾಗಕ್ಕೆ ಯಾರೂ ಬರಬಾರದು ಎಂದು. ಮೊಟ್ಟೆ ಇಟ್ಟ ಮೇಲೆ ಅವಳು ಸುಮ್ಮನೆ ಓಡಾಡಿಕೊಂಡಿರುತ್ತಾಳೆ. ರೆಕ್ಕೆಯಲ್ಲಿ ಗಾಳಿ ಹಾಕುವುದು, ಕಾಯುವುದು, ಕೆಟ್ಟ ಮೊಟ್ಟೆ ತೆಗೆಯುವುದು ಎಲ್ಲ ಗಂಡನ ಕೆಲಸ. ಅದನ್ನು ನೀವು ಒಂದು ಸಲ ಕಣ್ಣಾರೆ ನೋಡಬೇಕು.

ಬಸುರಿ ಇರುವ ಮನೆ ಕೆಡವಬಾರದು ಎಂದು ನಿಮಗೆ ನಾನು ಹೇಳಬೇಕಾದ್ದಿಲ್ಲ. ಬಾಣಂತನ ಮುಗಿಯುವ ತನಕ ತಡೆಯಿರಿ. ಮುಗಿಯಿತು ಎಂದು ನೀವು ಹೇಳಿ ಕಳಿಸಿದ ದಿನ ನಾನೇ ಬಂದು ತೊಟ್ಟಿ ಎತ್ತಿಸಿಕೊಂಡು ಹೋಗುತ್ತೇನೆ. ಇದು ನನ್ನ ಮಾತು.

ನಿಮ್ಮ
ಕುಮಾರಿ


(ಬೇರೆ ಚೀಟಿ)

ಮೃತ್ಯುಂಜಯಣ್ಣ, ಇದನ್ನು ಓದಿ ಹರಿದು ಹಾಕಿ. ಮೇಲೆ ಬರೆದದ್ದೆಲ್ಲ ನಿಜ. ಒಂದನ್ನು ಮಾತ್ರ ಬರೆದಿಲ್ಲ. ಈ ಮೀನು ಹದಿನೈದು ದಿನಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಚೆನ್ನಾಗಿ ನೋಡಿಕೊಂಡರೆ, ಹತ್ತು ವರ್ಷಕ್ಕೂ ಹೆಚ್ಚು.